ಬೆರಳಷ್ಟು ದೊಡ್ಡದಿರಲಿ

ಎಬೆನೇಜರನ ಕೋಟನ್ನು ದಾನಕ್ಕೆ ಕೊಡುವ ಮುನ್ನ
ಜೇಬು ತಡವಿದೆ. ಸೌತ್‌ವೋಲ್ಡಿನ ಬಸ್ ಟಿಕೆಟ್ಟು,
ಕೆಮ್ಮಿನ ಗುಳಿಗೆಯ ಕಾಗದ,
ಮತ್ತೆ ಈ ಕಲ್ಲು.

ಡನ್ವಿಚ್ ದಂಡೆಯದೇ, ಸಂಶಯವಿಲ್ಲ.
ಇಡ್ಲಿಯಷ್ಟು ಅಗಲ, ಮೇಲೆ ಬಿಳಿ ಸಿಪ್ಪೆ,
ಒಡೆದ ಮಗ್ಗುಲಲ್ಲಿ ಇದ್ದಿಲಿಗಿಂತ ಕಪ್ಪು.
ಚಕಮಕಿ ಕಲ್ಲು.

ಆ ಊರನ್ನು ಸಮುದ್ರ ತಿಂದಿದೆ,
ಒಂದೊಂದೇ ಬೀದಿ, ಒಂದೊಂದೇ ಚರ್ಚು.
ಅವುಗಳ ಗೋಡೆಯೂ ಇದೇ ಕಲ್ಲಿನದು.
ಹಾಗಾಗಿ ದಂಡೆಯಲ್ಲಿ ಹೆಕ್ಕಿದ್ದು
ತಲೆಮಾರುಗಟ್ಟಲೆ ಪ್ರಾರ್ಥನೆ ಕೇಳಿದ ಕಲ್ಲೋ
ಸುಮ್ಮನೆ ಕಲ್ಲೋ, ಹೇಳಲಾಗದು.
"ಎರಡಕ್ಕೂ ತೂಕ ಒಂದೇ" ಅನ್ನುತ್ತಿದ್ದ,
ಜೇಬಿಗಿಳಿಸುತ್ತ. ಹರಿದ ಅಸ್ತರು
ಎಷ್ಟು ಸಲ ಹೊಲಿದೆನೋ, ಗೊಣಗುತ್ತ.
ಅವನ ಹೆಸರಿನ ಅರ್ಥವೇ ಸಹಾಯದ ಕಲ್ಲು;
ಹೊಲಿಯುವಾಗ ಅದು ಹೊಳೆಯಲೇ ಇಲ್ಲ.

ಬುಧವಾರ ಹಳ್ಳಿಯ ಹಾಲಿನಲ್ಲಿ
ವಿನಿಫ್ರೆಡ್ ಗ್ಯಾರಡ್ ಕುಂಬಾರಿಕೆ ಕಲಿಸುತ್ತಾಳೆ.
ಈಸ್ಟರಿಗೆ ಚರ್ಚಿನಲ್ಲಿಡಲು ಏನಾದರೂ ಮಾಡಿ, ಅಂದಳು.
ಕೆಲವರು ದೇವದೂತ. ಬಹಳ ಜನ ಕುರಿಮರಿ.

ನಮ್ಮದು ಮೂರ್ತಿ ಒಲ್ಲದ ಮನೆ.
ಜೆಪ್ಪುವಿನಲ್ಲಿ ನಮ್ಮ ಕ್ಯಾಲೆಂಡರಿಗೂ ಚಿತ್ರವಿರಲಿಲ್ಲ,
ತಾರೀಕು, ಕೆಳಗೊಂದು ವಾಕ್ಯ, ಅಷ್ಟೇ.
ಮುಖ ಮಾಡಲು ಬೆರಳು ಬಗ್ಗದೆ
ಸಮಾಧಿಯ ಗುಹೆ ಮಾಡಿದೆ.
ಖಾಲಿ ಜಾಗಕ್ಕೆ ಮುಖ ಬೇಡವಲ್ಲ.
ಬಾಯಿಗೆ ಅವನ ಕಲ್ಲು ಒತ್ತಿದೆ,
ಹಸಿ ಮಣ್ಣು ಸುತ್ತ ತುಟಿ ಬಿಗಿಯಿತು.

ವಿನಿಫ್ರೆಡ್ ಓಡಿ ಬಂದಳು:
"ತೆಗಿ, ತೆಗಿ! ಗೂಡಿನಲ್ಲಿ ಇದು ಗುಂಡಿನ ಹಾಗೆ ಸಿಡಿಯುತ್ತೆ.
ನಿನ್ನದೊಂದೇ ಅಲ್ಲ, ಪಕ್ಕದ ಕುರಿಮರಿಗಳೂ ಹೋದಾವು."
ಕಿಡಿ ಹುಟ್ಟಿಸುವ ಕಲ್ಲಿಗೆ ಬೆಂಕಿ ತಾಳದೆಂದು
ಅರುವತ್ತೆಂಟಕ್ಕೆ ಕಲಿತೆ.
ಕಿತ್ತೆ. ಮಣ್ಣಿನಲ್ಲಿ ಅದರ ಅಚ್ಚು ಉಳಿಯಿತು.
ಸುಟ್ಟ ಮೇಲೆ ಕೂರಿಸೋಣ, ಅಂದಳು.

ಎರಡು ವಾರ.
ಗುಹೆ ಬಂತು, ನಮ್ಮ ಹೆಂಚಿನದೇ ಕೆಂಪು,
ಬೆರಳಲ್ಲಿ ತಟ್ಟಿದರೆ ಟಣ್ಣೆಂದಿತು.
ಕಲ್ಲಿಟ್ಟೆ. ಹಿಡಿಯಲಿಲ್ಲ.
ತಿರುಗಿಸಿದೆ, ಮಗುಚಿದೆ, ಓರೆ ಮಾಡಿದೆ.
ಮಣ್ಣು ಕುಗ್ಗಿತ್ತು.
ಕಲ್ಲು ಕುಗ್ಗುವ ಜಾತಿಯಲ್ಲ.

ಹೆಂಚಿನ ಕಾರ್ಖಾನೆಯಲ್ಲಿ
ನಲುವತ್ತು ವರ್ಷ ಅಚ್ಚೊತ್ತಿದ ಅಜ್ಜ ಹೇಳಿದ್ದರು:
"ಒಣಗುತ್ತ ಒಮ್ಮೆ, ಬೇಯುತ್ತ ಒಮ್ಮೆ,
ಮಣ್ಣು ಎರಡು ಸಲ ಚಿಕ್ಕದಾಗುತ್ತೆ ಮಗಾ.
ಅಚ್ಚು ಬೆರಳಷ್ಟು ದೊಡ್ಡದಿರಲಿ."
ಉಪ್ಪಿನ ಜೊತೆ ಮಾವಿನಮಿಡಿ ಕಚ್ಚುತ್ತ ಕೇಳಿದ್ದೆ.
ಹುಳಿಯಷ್ಟೇ ನೆನಪಿತ್ತು.

"ಉಜ್ಜಿ ಅಗಲ ಮಾಡಲೆ?" ವಿನಿಫ್ರೆಡ್ ಕೈಯಲ್ಲಿ ಅರ.
ಕೈ ಸೋತಿತ್ತೆಂದು, ಬೇರೇನಕ್ಕೂ ಅಲ್ಲ,
ಕಲ್ಲನ್ನು ಗುಹೆಯ ಪಕ್ಕಕ್ಕಿಟ್ಟೆ.
ಇಟ್ಟ ಮೇಲೆ ಇಬ್ಬರೂ ನೋಡಿದೆವು.

ಆ ಬೆಳಗಿನ ಜಾವ ಹೆಂಗಸರು
ಸುಗಂಧ ಹೊತ್ತು, ಯಾರು ಉರುಳಿಸಿಕೊಟ್ಟಾರೆಂದು
ದಾರಿಯುದ್ದ ಮಾತಾಡಿಕೊಂಡು ಹೋದಾಗ
ಕಲ್ಲು ಇದ್ದದ್ದೇ ಅಲ್ಲಿ,
ಪಕ್ಕದಲ್ಲಿ.

ವಿನಿಫ್ರೆಡ್ ಅರ ಕೆಳಗಿಟ್ಟು
ಚಹಾಕ್ಕೆ ನೀರಿಡಲು ಹೋದಳು.

ಅಂಟು ಹಾಕಲಿಲ್ಲ. ಈಸ್ಟರ್ ದಿನ
ಚರ್ಚಿನ ಕಿಟಕಿ ಕಟ್ಟೆಯಲ್ಲಿ, ಕುರಿಮರಿಗಳ ನಡುವೆ.
ಕೊನೆಯ ಹಾಡಿನ ಹೊತ್ತಿಗೆ ಒಬ್ಬ ಹುಡುಗ
ಕಲ್ಲನ್ನೆತ್ತಿ ಗುಹೆಯ ಬಾಯಿಗೆ ಹಿಡಿದು ನೋಡಿದ,
ಹಿಡಿಯದೆಂದು ಗೊತ್ತಾಗಿ
ಜೇಬಿಗಿಳಿಸಿಕೊಂಡ.
ತಾಯಿ ಕಣ್ಣಲ್ಲೇ ಗದರಿ ವಾಪಸಿಡಿಸಿದಳು,
ನನ್ನ ಕಡೆ ತಿರುಗಿ ಕ್ಷಮೆ ಕೇಳಿದಳು.

ನಾನು ಬೇರೆಲ್ಲೋ ಇದ್ದೆ.
ಕಲ್ಲಿದ್ದಷ್ಟು ಹೊತ್ತು ಆ ಪುಟ್ಟ ಕೋಟು
ಒಂದು ಕಡೆ ಜೋತುಬಿದ್ದಿತ್ತು.
ಅದನ್ನೇ ನೋಡುತ್ತಿದ್ದೆ.