ಹದಿನಾಲ್ಕನೆಯ ಕಲಮು

ಬರೆದವಳು ನಾನೇ. ಹದಿನೇಳು ಪುಟ.
ಟ್ರೊಮ್ಸೊದ ಕಚೇರಿಯಲ್ಲಿ, ಕಾಫಿ ಆರಿಸಿಕೊಂಡು,
'ಪಾಲುದಾರ' ಎಂಬ ಒಂದು ಪದಕ್ಕೆ
ಪುಟವೊಂದನ್ನೇ ಬಿಟ್ಟುಕೊಟ್ಟು,
ಸಮುದ್ರದ ಹೆಸರನ್ನು ಒಮ್ಮೆಯೂ ಎತ್ತದೆ.

ಓದಿ ಹೇಳಲು ಬಂದಿದ್ದೇನೆ
ದ್ವೀಪದ ಈ ಮೀನುಕೊಟ್ಟಿಗೆಗೆ.
ಐಸಿನ ಪೆಟ್ಟಿಗೆಗಳ ಮೇಲೆ ಹನ್ನೊಂದು ದೋಣಿಗಳ ಒಡೆಯರು,
ರಬ್ಬರು ಬೂಟು, ಪೊರೆ ಅಂಟಿದ ಮೊಣಕೈ.
ಫೆಬ್ರವರಿಯ ಬೆಳಕು ಬಾಗಿಲಲ್ಲೇ ನಿಂತು
ಒಳಗೆ ಬರಲೋ ಬೇಡವೋ ಎನ್ನುತ್ತಿದೆ.

ಕಲಮು ಎರಡು: ದತ್ತಾಂಶವೆಂದರೆ
ದೋಣಿಯ ಯಂತ್ರ ದಾಖಲಿಸಿದ ಆಳ, ಬಿಸಿ, ಜಾಗ, ವೇಳೆ, ತೂಕ;
ಹಾಗೂ ಪಾಲುದಾರ ಸ್ವಇಚ್ಛೆಯಿಂದ ಸೇರಿಸುವ ಇತರೆ ತಿಳಿವಳಿಕೆ.

"ಇತರೆ ಅಂದರೆ?"
ಐಲರ್ಟ್. ಎಪ್ಪತ್ತೊಂದು ವರ್ಷ.
ಜೇಬಿನಿಂದ ತೆಗೆದ, ಎಣ್ಣೆಬಟ್ಟೆ ಸುತ್ತಿದ ಪುಸ್ತಕ,
ಅಪ್ಪನದು, ಅದಕ್ಕೂ ಮೊದಲು ಅಪ್ಪನ ಅಪ್ಪನದು.
ತೆರೆಯಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡ, ಬೆಕ್ಕಿನ ಹಾಗೆ.

ಇಂಥ ಪುಸ್ತಕ ಇಲ್ಲಿ ಮನೆಗೊಂದು.
ಚರ್ಚಿನ ಗೋಪುರ ಕರಿಬಂಡೆಯ ನೆತ್ತಿಗೆ ಕೂತಾಗ,
ಪಡುವಣ ಬೆಟ್ಟದ ಸೀಳಲ್ಲಿ ಎರಡನೆಯ ಶಿಖರ ಇಣುಕಿದಾಗ,
ಗಾಳ ಇಳಿಸು.
ಹೆಂಡತಿಗೂ ಹೇಳದ ಜಾಗ. ಸಾಯುವಾಗ
ಮಗನ ಕಿವಿಗೆ ಮಾತ್ರ,
ಅದೂ ಮಗ ಕುಡುಕನಲ್ಲದಿದ್ದರೆ.

ಓದುತ್ತ ಹೋದೆ. ಐದು: ಯಾರು ನೋಡಬಹುದು.
ಆರು: ಯಾರು ಮಾರಬಾರದು.
ಒಂಬತ್ತು: ಜಗಳವಾದರೆ ಯಾವ ಊರಿನ ಕೋರ್ಟು.
ಯಾರೋ ಆಕಳಿಸಿದರು.
ಬರ್ಗೆನ್ನಿನ ಕಂಪನಿಯೂ ಪಾಲುದಾರನೋ ಎಂದರು. ಹೌದು.
ಅವರಿಗೆಷ್ಟು ದೋಣಿ? ನಲವತ್ತು.
ಎಷ್ಟು ಓಟು? ಒಂದೇ, ನಿಮ್ಮ ಹಾಗೆ.
"ಹಂಚಿ ಉಂಡರೆ ಹಸಿವಿಲ್ಲ, ಒಪ್ಪಿದೆ.
ಸೌಟು ಯಾರ ಕೈಲಿ?"

ಹದಿನಾಲ್ಕು:
ಮೂವತ್ತು ದಿನದ ಸೂಚನೆ ಕೊಟ್ಟು ಪಾಲುದಾರನು
ತನ್ನ ದತ್ತಾಂಶವನ್ನು ಹಿಂಪಡೆಯತಕ್ಕದ್ದು.
ಅದರಿಂದ ಈಗಾಗಲೇ ಕಲಿತದ್ದಕ್ಕೆ ಈ ಕಲಮು ಅನ್ವಯಿಸದು.

ಬರೆಯುವಾಗ ಎಷ್ಟು ಅಚ್ಚುಕಟ್ಟಾಗಿ ಕಂಡಿತ್ತು.
ಇಲ್ಲಿ ದನಿ ತುಸು ತಗ್ಗಿತು.

"ಅಂದರೆ ಮಾತು ವಾಪಸು ಕೊಡ್ತೀರಿ,
ಕೇಳಿದ ಕಿವಿ ಇಟ್ಟುಕೊಳ್ತೀರಿ" ಎಂದಳು ಯೋರುನ್,
ಆರನೆಯ ದೋಣಿಯವಳು.
ಯಾರೂ ನಗಲಿಲ್ಲ.

ಆಗಲೇ ಐಲರ್ಟ್ ಎದ್ದದ್ದು.
ಪುಸ್ತಕವನ್ನು ಮೇಜಿಗಲ್ಲ, ನನ್ನ ಕೈಗಲ್ಲ,
ಅವಳ ಮಡಿಲಿಗಿಟ್ಟ. ಒಂದು ಪುಟ ತೆರೆದು ಬೆರಳಿಟ್ಟ.
ನಾಲ್ಕೇ ಸಾಲು. ಬಹಳ ಹೊತ್ತು ಓದಿದಳು.
ಹಿಂದೆ ಯಂತ್ರ ಐಸು ಪುಡಿಮಾಡುತ್ತಲೇ ಇತ್ತು.

ಪೆನ್ನು ಕೇಳಿದಳು.
ಅನುಬಂಧದಲ್ಲಿ, 'ಇತರೆ'ಯ ಖಾಲಿ ಚೌಕದಲ್ಲಿ
ಅಕ್ಷರ ಅಕ್ಷರವಾಗಿ ಇಳಿಸಿದಳು:
ಗೋಪುರ. ಕರಿಬಂಡೆ. ಸೀಳು.
ಹೊರದಿಬ್ಬದ ಕಲ್ಲು, ನೀರಿನಡಿ ಎರಡೇ ಮಾರು.
ಕೆಳಗೆ ಅವನ ಸಹಿ. ಸಾಕ್ಷಿ ಅವಳದು.

"ಆ ಹದಿನಾಲ್ಕನ್ನು ನನ್ನ ಪ್ರತಿಯಲ್ಲಿ ಹೊಡೆದುಹಾಕು.
ವಾಪಸು ಕೇಳುವವನಲ್ಲ ನಾನು."
ನನಗೆ ಆ ಅಧಿಕಾರವಿಲ್ಲ ಎಂದೆ.
ನಿಜವೇ. ಆದರೂ ಹಾಗೆನ್ನಬಾರದಿತ್ತು.

ಏಳು ಸಹಿ ಬಿದ್ದವು. ನಾಲ್ವರು ಚಹಾ ಕುಡಿದು ಹೋದರು.

ಮರಳುವ ಹಡಗಿನಲ್ಲಿ ಟಿಕೆಟಿನ ಹುಡುಗ ಹೇಳಿದ:
ಯೋರುನ್‌ಳ ತಮ್ಮ, ಎರಡು ಚಳಿಗಾಲದ ಹಿಂದೆ,
ಹೊರದಿಬ್ಬದ ಹತ್ತಿರ. ದೋಣಿಯೂ ಸಿಗಲಿಲ್ಲ.
ಅಲೆ ಎಂದರು ಕೆಲವರು, ಎಂಜಿನ್ ಎಂದರು.

ಫೋನು ತೆಗೆದು ನಕ್ಷೆ ನೋಡಿದೆ.
ಅಲ್ಲಿ ಇನ್ನೂ ತಿಳಿನೀಲಿ, ಇಪ್ಪತ್ತು ಮಾರು.
ತಿದ್ದುಪಡಿ ಸೇರಲು ಆರು ವಾರ,
ಹನ್ನೊಂದನೆಯ ಕಲಮಿನ ಪ್ರಕಾರ. ಅದೂ ನಾನೇ ಬರೆದದ್ದು.

ತಲೆಯೆತ್ತುವಷ್ಟರಲ್ಲಿ
ಹಡಗು ಬಯಲು ನೀರಿನಲ್ಲಿ, ಯಾವ ಕಾರಣವೂ ಇಲ್ಲದೆ,
ತುಸು ಎಡಕ್ಕೆ ತಿರುಗಿತು.

ಯಾವಾಗಿನಿಂದ ಹೀಗೆ, ಎಂದೆ.
ಹುಡುಗ ಹೆಗಲು ಹಾರಿಸಿದ.
ಮೊದಲಿನಿಂದಲೂ.