ಬರೂ ಬ್ಯಾಸ್ತಾರ

ಪುಸ್ತಕದಲ್ಲಿ ಗುರುವಾರ.
ಸುಣ್ಣದ ಗೋಡೆಗೆ ಮೊಳೆ ಹೊಡೆದ ಪಂಚಾಂಗದಲ್ಲಿ ಬೃಹಸ್ಪತಿ.
ಹಿಂದಿನ ಓಣಿಯ ಜೈಬುನ್ನಿಸಾ ಚಾಚಿಗೆ ಜುಮೇರಾತ್,
ಅಂದು ಅವರ ಮನೆಯಿಂದ ಊದಿನ ಹೊಗೆ, ಮುಷ್ಟಿ ಸಕ್ಕರೆ.
ನಮ್ಮವ್ವನ ಬಾಯಲ್ಲಿ ಬ್ಯಾಸ್ತಾರ.
ಬ್ಯಾಸರಕ್ಕೂ ಬ್ಯಾಸಿಗಿಗೂ ನಡುವೆ
ಎಲ್ಲೋ ಹುಟ್ಟಿದ ಕೂಸಿನ ಹೆಸರು ಅಂತ
ನಾನು ತಿಳಿದಿದ್ದೆ.

ಮುದಗಲ್ಲಿನ ಕಿಲ್ಲಾದ ಅಗಸಿಗೆ ಬೆನ್ನು ಕೊಟ್ಟು
ಕೂತಿರುತ್ತಿದ್ದ ಟೇಲರ್ ಹುಸೇನಪ್ಪನಿಗೆ ಮಾತ್ರ
ವಾರಕ್ಕೆ ಏಳು ದಿನ ಇರಲಿಲ್ಲ.
ಒಂದೇ ಇತ್ತು.
"ಜಂಪರ್ ಯಾವಾಗ ಕೊಡ್ತಿ?"
"ಬ್ಯಾಸ್ತಾರ ಬರ್ರಿ."
"ಹುಡುಗಂದು ಚಡ್ಡಿ?"
"ಬ್ಯಾಸ್ತಾರ."
ಮದುವೆಯ ಅಂಗಿ, ಪೊಲೀಸನ ಖಾಕಿಯ ಸೊಂಟ ಸಡಿಲ ಮಾಡುವುದು,
ಎಲ್ಲಕ್ಕೂ ಅದೇ.
ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹೇಳುತ್ತಿದ್ದ,
ಹಾಗಾಗಿ ಆ ಮಾತು ಯಾವಾಗಲೂ
ತುಟಿಯ ಒಂದೇ ಮೂಲೆಯಿಂದ ಬರುತ್ತಿತ್ತು.

ನಮ್ಮಜ್ಜಿ ಬಿಡುವವಳಲ್ಲ:
"ಯಾ ಬ್ಯಾಸ್ತಾರೋ?"
"ಬರೂದು."
"ಹೋದ ಸಲಾನೂ ಬರೂದು ಅಂದಿದ್ದಿ."
"ಬಂದಿತ್ತಲ್ಲಬೇ, ಹೋತು."

ಊರು ಆ ಪದವನ್ನು ತನ್ನ ಅಳತೆಗೆ ಕತ್ತರಿಸಿಕೊಂಡಿತು.
ಕೈಗಡ ತೀರಿಸದವನು ಬ್ಯಾಸ್ತಾರದ ಗಿರಾಕಿ.
ಒಂದೂ ಕನ್ಯೆ ಒಪ್ಪದ ನಮ್ಮ ಸೋದರಮಾವ
ಹುಸೇನಪ್ಪನ ಬ್ಯಾಸ್ತಾರಕ್ಕೆ ಮುಹೂರ್ತ ಇಟ್ಟವನು.
ಒಮ್ಮೆ ಅವನು ನನ್ನ ಲಂಗ ಬುಧವಾರವೇ ಕೊಟ್ಟುಬಿಟ್ಟ.
ಅಜ್ಜಿ ತಿರುವಿ ತಿರುವಿ ನೋಡಿದಳು,
ಬೇರೆ ಯಾರದೋ ಇರಬೇಕೆಂದು.

ಈಗ ನಾನು ನಾಡಕಚೇರಿಯ ಕಿಟಕಿಯೊಳಗೆ.
ಪರದೆಯ ಮೇಲೆ ಚಕ್ರ ತಿರುಗುತ್ತದೆ, ತಿರುಗುತ್ತದೆ.
"ಸರ್ವರ್ ಇಲ್ರಿ, ಗುರುವಾರ ಬನ್ನಿ."
ಓದಿದವಳಲ್ಲವೇ, ಗುರುವಾರ.

ನಿನ್ನೆ ಮೊದಲು ಗುರುತು ಸಿಕ್ಕಿದ್ದು ಕೈ:
ತೋರುಬೆರಳ ತುದಿಯಲ್ಲಿ ಜರಡಿಯಂಥ ಚುಕ್ಕೆಗಳು.
ಪಿಂಚಣಿ ನಿಂತು ಮೂರು ತಿಂಗಳಾಯಿತಂತೆ.
ಹೆಬ್ಬೆಟ್ಟನ್ನು ಯಂತ್ರ ಹಿಡಿಯುತ್ತಿಲ್ಲ,
ಗೆರೆಗಳನ್ನೆಲ್ಲ ಸೂಜಿ, ಕತ್ತರಿ ತಿಂದಿವೆ.
ನಾನು ದಿನಾ ಹೇಳುವುದನ್ನೇ ಹೇಳಿದೆ.

ಹುಸೇನಪ್ಪ ನಕ್ಕ. ಹಲ್ಲಿಲ್ಲದ ಬಾಯಿ,
ಮಾತು ಈಗ ಎರಡೂ ಮೂಲೆಯಿಂದ ಬಂತು:
"ಅರಿವಿ ನಂದ ಐತಿ. ಹೊಲಿಗಿ ಅಷ್ಟ ಹೊಸಾದು ಹಾಕೀಯವ್ವ."
ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ
ಅಂಚನ್ನು ಉಗುರಿನಿಂದ ಇಸ್ತ್ರಿ ಒತ್ತಿ
ಜೇಬಿಗಿಟ್ಟ.
ಹೋಗಲಿಲ್ಲ.
"ಯಾ ಗುರುವಾರ?"

ಗೋಡೆಯ ಕ್ಯಾಲೆಂಡರ್ ನೋಡಿದೆ.
ಈ ತಿಂಗಳಿಗೆ ಐದು ಇದ್ದವು.