ಹದಿನಾಲ್ಕನೇ ಕಾಲಂ

ಅಕಿತಾ, ಜಪಾನಿನ ಬಡಗಣ ಸೀಮೆ, ೧೯೬೪

ಈ ಊರಲ್ಲಿ ಯಾರೂ ಪಾರ್ಶ್ವವಾಯು ಅನ್ನುವುದಿಲ್ಲ.
‘ತಗುಲಿತು’ ಅನ್ನುತ್ತಾರೆ, ಅಷ್ಟೇ.
ಯಾರೋ ಬೀಸಿದ ಕಲ್ಲು ಎಂಬಂತೆ,
ಬೀಸಿದವನ ಹೆಸರು ಹೇಳಬಾರದು ಎಂಬಂತೆ.
ನಿನ್ನೆ ಗರಗಸದ ಮಿಲ್ಲಿನ ಗೊನ್‌ಪೇಗೆ ತಗುಲಿತು.
ಕಳೆದ ವಾರ ಅಂಚೆಯವನಿಗೆ, ನಲವತ್ತಾರಕ್ಕೇ:
ನಸುಕಿನಲ್ಲಿ ಶೌಚಕ್ಕೆ ಹೋದವನು
ಬಾಗಿಲ ಚಿಲಕ ಹಿಡಿದುಕೊಂಡೇ ಕುಸಿದ.

ನಾನು ಹುಲ್ಲಿನ ಬೂಟು ತೊಟ್ಟು ಬರುವ ನರ್ಸು.
ಬೆನ್ನಿಗೆ ಪಾದರಸದ ಪೆಟ್ಟಿಗೆ,
ಕಂಕುಳಲ್ಲಿ ಆರೋಗ್ಯ ಕೇಂದ್ರದ ದಪ್ಪ ದಫ್ತರ.
ವಯಸ್ಸು. ಕುಡಿತ, ದಿನಕ್ಕೆಷ್ಟು ಬಟ್ಟಲು. ಸಿಗರೇಟು.
ಅಪ್ಪನಿಗೂ ತಗುಲಿತ್ತೇ?
ಮಲಗುವ ಕೋಣೆಯ ಶಾಖ, ಬೆಳಗಿನ ನಾಲ್ಕಕ್ಕೆ
(ಹಲವು ಮನೆಗಳಲ್ಲಿ ಸೊನ್ನೆಗಿಂತ ಒಂದು ಕೆಳಗೆ).
ಮಿಸೊ ಸಾರು ಎಷ್ಟು ಸಲ, ಉಪ್ಪಿನ ಮೂಲಂಗಿ ಎಷ್ಟು ಹೋಳು.
‘ಎಣಿಸಿಕೊಂಡು ತಿನ್ನುವವರು ಯಾರಮ್ಮ?’ ನಗುತ್ತಾರೆ,
ನನ್ನ ಅಂಗೈಗೂ ಒಂದು ಹೋಳು ಹಾಕುತ್ತಾರೆ.
ತಿನ್ನುತ್ತೇನೆ.
ಹೊಗೆಯಾಡಿಸಿದ್ದು, ಕಟಕ್ಕೆನ್ನುವಂಥದ್ದು,
ನಮ್ಮಮ್ಮ ಹಾಕುತ್ತಿದ್ದಂಥದ್ದೇ.
ಅದಕ್ಕೆ ಕಾಲಂ ಇಲ್ಲ.

ಹತಕೆಯಾಮಾ ತೊಮೆಜಿ, ಐವತ್ತೆಂಟು, ಇದ್ದಿಲು ಸುಡುವವನು.
ಕೊಯ್ಲಿನ ಹೊತ್ತಿಗೆ ಅಳೆದಾಗ ಇನ್ನೂರ ಹತ್ತು, ನೂರ ಇಪ್ಪತ್ತು.
‘ತಲೆ ನೋಯುತ್ತದೆಯೇ?’
‘ಕೊಯ್ಲಿನಲ್ಲಿ ಯಾರಿಗೆ ನೋಯುವುದಿಲ್ಲ?’
ಪಾದರಸ ಇಳಿಯುವುದನ್ನು ಮಗುವಿನಂತೆ ನೋಡಿದ.
‘ಇನ್ನೊಮ್ಮೆ ಏರಿಸು’ ಅಂದ.
ಹತ್ತೊಂಬತ್ತನೇ ದಿನ, ಮಿದುಳಿನ ಎಡಬದಿಯಲ್ಲಿ,
ಕೂದಲಿಗಿಂತ ತುಸು ದಪ್ಪದ ಒಂದು ನಾಳ ಬಿರಿಯಿತು.
ಬಲಗೈ ಹೋಯಿತು. ಬಲಗಾಲು ಅರ್ಧ ಹೋಯಿತು.
ಮಾತು
ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಕೂತಿತು.

ಮೊದಲ ವಾರ ದಾಟಿದರೆ ಉಳಿಯುತ್ತಾನೆ, ಅಂದಿದ್ದರು ಡಾಕ್ಟರು.
ಉಳಿದ. ಉಳಿಯುವುದೆಂದರೆ ಏನೆಂದು ಅವರು ಹೇಳಿರಲಿಲ್ಲ.
ಹದಿನಾಲ್ಕನೇ ಕಾಲಮ್ಮಿನಲ್ಲಿ ಮೂರೇ ಮಾತಿಗೆ ಜಾಗ:
ಗುಣ, ಊನ, ಮರಣ.
ಅವನ ಎಡಗೈ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಳ್ಳುತ್ತದೆ,
ನೆರೆಮನೆಯ ಬೆಕ್ಕನ್ನು ಇಟ್ಟುಕೊಂಡ ಹಾಗೆ, ತುಸು ಅಳುಕಿ.
ಇದಕ್ಕೆ ಏನು ಬರೆಯಲಿ?

ಹೆಂಡತಿ ಮಿನೆ ನನ್ನನ್ನು ಉಗ್ರಾಣಕ್ಕೆ ಕರೆದಳು.
ಮಿಸೊ ಪೀಪಾಯಿ, ನನ್ನೆದೆಯೆತ್ತರ,
ಅದರ ಮೇಲೆ ಹೊಳೆಯಿಂದ ಹೊತ್ತು ತಂದ ಕಲ್ಲು.
‘ಅತ್ತೆ ಹೇಳಿಕೊಟ್ಟ ಅಳತೆ. ಮೂವತ್ತಾರು ವರ್ಷ
ಹಿಡಿ ಹಿಡಿಯಾಗಿ ಹಾಕಿದ್ದು ಇದೇ ಕೈ.
ಹೇಳು, ಅವರಿಗೆ ತಗುಲಿದ್ದು ನನ್ನ ಕೈಯೇ?’

ಉಪ್ಪಿಗಿಂತ ರುಚಿಯಿಲ್ಲ ಎಂದು ಕಲಿತವರು ನಾವೆಲ್ಲ.
ಐದು ತಿಂಗಳ ಹಿಮಕ್ಕೆ ಬೇರೆ ತರಕಾರಿ ಯಾವುದಿತ್ತು?
ಚಳಿಯೂ ಇದೆ, ಕುಡಿತವೂ, ಅವರಪ್ಪನಿಂದ ಬಂದ ರಕ್ತವೂ,
ಅಂತ ಹೇಳಿದೆ.
ದಫ್ತರ ಓದಿದ ಹಾಗೆ ಕೇಳಿಸಿತು.
ಇಬ್ಬರೂ ಆ ಕಲ್ಲನ್ನೊಮ್ಮೆ ಮುಟ್ಟಿ ಹೊರಬಂದೆವು.

ಫೆಬ್ರವರಿ. ಸಾರಿಗೆ ಅರ್ಧವೇ ಮಿಸೊ, ನಾನು ಬರೆದುಕೊಟ್ಟಂತೆ.
ಎಡಗೈಯಲ್ಲಿ ಚಮಚ. ಅರ್ಧ ಬಾಯಿಗೆ, ಅರ್ಧ ಗಲ್ಲಕ್ಕೆ.
ಮಿನೆ ಒರೆಸಲು ಹೋದಳು. ತಲೆ ಕೊಡವಿದ.
ಹುಬ್ಬು ಒಂದೇ ಕಡೆ ಗಂಟಾಯಿತು,
ತುಟಿ ಭಾರದ್ದೇನನ್ನೋ ಎಳೆದಾಡಿತು,
ನೂರ ಹನ್ನೊಂದು ದಿನ ಮಾತಿಲ್ಲದ ಬಾಯಿಂದ
ಉಗುಳಿನ ಜೊತೆ ಬಿತ್ತು:
‘ಸಪ್ಪೆ.’

ಮಿನೆ ನಕ್ಕಳೋ ಅತ್ತಳೋ ತಿಳಿಯಲಿಲ್ಲ,
ಏಪ್ರನ್ನಿನ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಳು.
ಆಮೇಲೆ ಎದ್ದಳು. ಗಡಿಗೆಯ ಮುಚ್ಚಳ ಸದ್ದಾಯಿತು.
ಎರಡು ಬೆರಳು ಉಪ್ಪಿನ ಮೇಲೆ ನಿಲ್ಲಿಸಿ
ನನ್ನ ಕಡೆ ನೋಡಿದಳು.

ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ.
ಎಲ್ಲೋ ಚಾಪೆಯ ಕೆಳಗೆ ಉರುಳಿರಬೇಕು.
ಬಹಳ ಹೊತ್ತು ಹುಡುಕಿದೆ.